ಬೆಳ್ಳುಳ್ಳಿ ಎಣ್ಣೆಯ ವರ್ಷ

ಮೊನ್ನೆ ಗಬ್ಬೂರಿಗೆ, ಮೊಮ್ಮಗಳ ಮನೆಗೆ ಹೋಗಿದ್ದೆ. ಮರಿಮಗ ಬೆಳಗಿನಿಂದ ಕಿವಿ ನೋವೆಂದು ಅಳುತ್ತಿದ್ದ. ನಾನು ಪಡಸಾಲೆಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚಿಕೊಳ್ಳುತ್ತಿದ್ದಾಗ ಅಡುಗೆಮನೆಯಿಂದ ಎಣ್ಣೆಯಲ್ಲಿ ಬೆಳ್ಳುಳ್ಳಿ ಸೀಯುವ ವಾಸನೆ ಬಂತು. ಒಗ್ಗರಣೆಯ ವಾಸನೆಯಲ್ಲ ಅದು. ಸಾಸಿವೆ ಇಲ್ಲ, ಕರಿಬೇವಿಲ್ಲ, ಬರೀ ಎಣ್ಣೆ, ಬರೀ ಬೆಳ್ಳುಳ್ಳಿ. ಎಲೆಯನ್ನು ಅಲ್ಲೇ ಬಿಟ್ಟು ಒಳಗೆ ಹೋದೆ. ಮೊಮ್ಮಗಳ ಅತ್ತೆ ಕೂಸಿನ ತಲೆಯನ್ನು ತೊಡೆಯ ಮೇಲೆ ಅಡ್ಡ ಹಾಕಿ ಒಂದು ಕೈಯಲ್ಲಿ ಒತ್ತಿ ಹಿಡಿದಿದ್ದಳು. ಇನ್ನೊಂದು ಕೈಯಲ್ಲಿ ಹೊಗೆಯಾಡುವ ಸೌಟು. ಅದನ್ನು ಕಸಿದುಕೊಂಡು ಹಿತ್ತಲ ಬಾಗಿಲಿನಿಂದ ಆಚೆ ಒಗೆದೆ.

"ಯಾಕ್ರಿ ಅಮ್ಮಾರ, ಮನಿಮದ್ದ ಅಲ್ಲೇನ್ರಿ ಅದು?" ಎಂದಳು ಅವಳು, ಮುಖ ಕೆಂಪು ಮಾಡಿಕೊಂಡು.

"ಮನಿಮದ್ದ ನಿನ್ನ ಕಿವ್ಯಾಗ ಹಾಕ್ಕೊ. ಕೂಸಿನ್ನ ದವಾಖಾನಿಗಿ ಒಯ್ಯಿ."

ಸಂಜೆಯವರೆಗೆ ಅವಳು ನನ್ನ ಜೊತೆ ಮಾತಾಡಲಿಲ್ಲ. ಮಾತಾಡದಿದ್ದರೆ ಬಿಡಲಿ. ಆ ವಾಸನೆಗೆ ನನ್ನ ಮನೆಯಲ್ಲಿ ಜಾಗವಿಲ್ಲ, ನನ್ನ ಮಕ್ಕಳ ಮನೆಯಲ್ಲೂ ಇಲ್ಲ. ಅದು ಮೂಗಿಗೆ ಬಡಿದರೆ ಸಾಕು, ನಾನು ಮತ್ತೆ ಹತ್ತು ವರ್ಷದ ಹುಡುಗಿಯಾಗಿ ಧಾರವಾಡದ ನೀಲವ್ವತ್ತೆಯ ತೊಡೆಯ ಮೇಲೆ ತಲೆಯಿಟ್ಟು ಮಲಗಿರುತ್ತೇನೆ. ಆಗ ಬ್ರಿಟಿಷರ ಆಳ್ವಿಕೆ. ಖಾದಿ ಟೋಪಿ ಹಾಕಿದವರನ್ನು ಪೊಲೀಸರು ಬೀದಿಯಲ್ಲೇ ಹಿಡಿದೊಯ್ಯುತ್ತಿದ್ದ ಕಾಲ. ಆದರೆ ನನ್ನ ಮಟ್ಟಿಗೆ ಆ ಸರಕಾರಕ್ಕಿಂತ ದೊಡ್ಡ ಸರಕಾರ ಅತ್ತೆಯದೇ ಆಗಿತ್ತು.

ನಾನು ಹುಟ್ಟಿ ಬೆಳೆದದ್ದು ಹುಬ್ಬಳ್ಳಿಯ ಒಂದು ಹತ್ತಿ ಜಿನ್ನಿನ ಆವರಣದಲ್ಲಿ. ಅರಳೆಯಿಂದ ಬೀಜ ಬಿಡಿಸುವ ಯಂತ್ರಗಳ ಕಾರ್ಖಾನೆ ಅದು. ಅಪ್ಪ ಬಾಯ್ಲರಿಗೆ ಕಟ್ಟಿಗೆ ಒಟ್ಟುತ್ತಿದ್ದ. ಅವ್ವ ಯಂತ್ರದ ಮುಂದೆ ನಿಂತು ಹತ್ತಿ ಉಣಿಸುತ್ತಿದ್ದಳು. ಅವಳ ಬಲಗೈಯ ಎರಡು ಬೆರಳು ಒಮ್ಮೆ ರೋಲರಿಗೆ ಸಿಕ್ಕು ಚಪ್ಪಟೆಯಾಗಿದ್ದವು. ಆಳುಗಳಿಗೆಂದು ಕಟ್ಟಿದ ಸಾಲುಮನೆಗಳಲ್ಲಿ ನಮ್ಮದೇ ಮೊದಲನೆಯದು. ಗೋಡೆಯ ಆಚೆಗೇ ಯಂತ್ರ. ಹತ್ತಿ ಬರತೊಡಗಿತೆಂದರೆ ಮುಂಗಾರು ಹಿಡಿಯುವವರೆಗೂ ಅದರ ಗದ್ದಲ ನಿಲ್ಲುತ್ತಿರಲಿಲ್ಲ. ತೊಟ್ಟಿಲಲ್ಲಿದ್ದಾಗ ನಾನು ಸದ್ದು ಶುರುವಾದರೆ ಮಲಗುತ್ತಿದ್ದೆನಂತೆ, ನಿಂತರೆ ಹೆದರಿ ಅಳುತ್ತಿದ್ದೆನಂತೆ.

ಆ ಗದ್ದಲದಲ್ಲಿ ಮಾತು ಕಿವಿಗೆ ಮುಟ್ಟುವುದಿಲ್ಲ. ಅದಕ್ಕೇ ಜಿನ್ನಿನ ಹೆಂಗಸರು ದನಿ ತೆಗೆಯದೆ ಬರೀ ತುಟಿಯಲ್ಲಿ ಮಾತಾಡುತ್ತಿದ್ದರು. ಆ ತುದಿಯಿಂದ ಅವ್ವ ತುಟಿ ಅಲುಗಿಸಿದರೆ ಈ ತುದಿಯಲ್ಲಿದ್ದ ನಾನು 'ರೊಟ್ಟಿ ಮುಚ್ಚಿಡು, ಬೆಕ್ಕು ಬಂದೀತು' ಎಂದು ತಿಳಿದು ಮನೆಗೆ ಓಡುತ್ತಿದ್ದೆ. ಆಳುಗಳ ಮೇಲ್ವಿಚಾರಕ ಮುಕಾದಮ ಮಾತ್ರ ಹತ್ತಿಯ ಧೂಳಿಗೆ ಹೆದರಿ ಮೂಗು ಬಾಯಿಗೆ ಅರಿವೆ ಕಟ್ಟಿಕೊಂಡಿರುತ್ತಿದ್ದ. ಅವನ ತುಟಿ ಯಾರಿಗೂ ಕಾಣದು. ಹಾಗಾಗಿ ಅವನ ಹತ್ತಿರ ನಿಂತವಳು ಅವನು ಕೂಗಿದ್ದನ್ನು ಕೇಳಿಸಿಕೊಂಡು ಮುಂದಿನವಳಿಗೆ ತುಟಿಯಲ್ಲಿ ದಾಟಿಸಬೇಕು, ಅವಳು ಅದರ ಮುಂದಿನವಳಿಗೆ. 'ಮಾತು ಸಾಗಿಸೋದು' ಎನ್ನುತ್ತಿದ್ದರು ಇದಕ್ಕೆ. ಅವ್ವ ಆ ಕೆಲಸದಲ್ಲಿ ಎತ್ತಿದ ಕೈ. ಅವಳ ಬಾಯಿಂದ ಸಾಗಿದ ಮಾತು ಒಂದಕ್ಷರ ಆಚೀಚೆ ಆಗುತ್ತಿರಲಿಲ್ಲ.

ಕೆರೆಯ ದಂಡೆಯ ಮಕ್ಕಳಿಗೆ ಈಜು ಯಾರೂ ಹೇಳಿಕೊಡುವುದಿಲ್ಲ. ನಾನೂ ಹಾಗೇ ಕಣ್ಣಿನಿಂದ ಕೇಳುವುದನ್ನು ಕಲಿತೆ. ಕಲಿತೆನೆಂಬುದೂ ನನಗೆ ಗೊತ್ತಿರಲಿಲ್ಲ. ಲೋಕವೆಲ್ಲ ಎದುರಿನವರ ಬಾಯಿ ನೋಡಿಯೇ ಕೇಳುತ್ತದೆಂದು ತಿಳಿದಿದ್ದೆ. ಅವ್ವನಿಗೂ ಇದು ವಿಶೇಷವೆನಿಸಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ನೀಲವ್ವತ್ತೆ ಅಪ್ಪನ ಅಕ್ಕ. ಅವಳ ಗಂಡ ಧಾರವಾಡದ ಕೋರ್ಟಿನಲ್ಲಿ ಕಾರಕೂನ. ತಮ್ಮ ಜಿನ್ನಿನ ಕೂಲಿಯವಳನ್ನು ಮದುವೆಯಾದನೆಂದು ಅತ್ತೆಗೆ ಮೊದಲಿನಿಂದಲೂ ಸಿಟ್ಟು. ಯಾವುದೋ ಮದುವೆಗೆಂದು ಹುಬ್ಬಳ್ಳಿಗೆ ಬಂದವಳು ನಮ್ಮಲ್ಲಿ ಒಂದು ಹಗಲು ಉಳಿದಳು. ಸಂಜೆಗೆ ಹಣೆ ಒತ್ತಿಕೊಳ್ಳುತ್ತಾ ಅಪ್ಪನಿಗೆ ಹೇಳಿದಳು: "ನಿನ್ನ ಮಗಳು ಎಷ್ಟ ಒದರತದೋ ತಮ್ಮಾ. ಹೆಸರು ನೋಡಿದ್ರ ಶಾಂತವ್ವ. ನನ್ನ ಕೂಡ ಕಳಸು, ಧಾರವಾಡದ ಸಾಲಿಗೆ ಹಾಕಿ ಮನಷ್ಯಾರಂಗ ಮಾಡ್ತೇನಿ."

ಅಪ್ಪ ಒಪ್ಪಿದ. ಅಕ್ಕನ ಮಾತಿಗೆ ಎದುರಾಡುವ ಗಂಡಸಲ್ಲ ಅವನು. ಹೊರಡುವ ದಿನ ನನ್ನನ್ನು ನಿಲ್ಲಿಸಿ ಹೇಳಿದ: "ನಾಕನೇತ್ತಾ ಪಾಸಾದ್ರ ಮುಲ್ಕಿ ತನಕಾ ಓದಸ್ತೇನಿ. ನಪಾಸಾದ್ರ ನಿಮ್ಮವ್ವನ ಬಾಜೂಕ ನಿಂತು ಹತ್ತಿ ಉಣಸೋದ. ಎರಡನೇ ಮಾತಿಲ್ಲ." ಅವ್ವ ಚಪ್ಪಟೆ ಬೆರಳಿನ ಕೈಯಿಂದ ನನ್ನ ಬೈತಲೆ ಸರಿಮಾಡಿದಳು. ಮುಲ್ಕಿ ಎಂದರೆ ಏಳನೇತ್ತೆಯ ಪರೀಕ್ಷೆ, ಅದು ಪಾಸಾದವಳು ಆ ಕಾಲಕ್ಕೆ ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು ಆಗಬಹುದಿತ್ತು. ಆ ಬೆರಳುಗಳನ್ನು ನೋಡಿದವಳಿಗೆ ಓದು ಏಕೆ ಬೇಕೆಂದು ಬೇರೆ ಹೇಳಬೇಕಾಗಿರಲಿಲ್ಲ.

ಅತ್ತೆಯ ಮನೆಯಲ್ಲಿ ಪಾತ್ರೆ ಕೂಡ ಮೆಲ್ಲಗೆ ಸಪ್ಪಳ ಮಾಡುತ್ತಿತ್ತು. ಮಾವ ಕೋರ್ಟಿನಿಂದ ಬಂದರೆ ಗೋಡೆಗೂ ಕೆಮ್ಮುವ ಧೈರ್ಯವಿಲ್ಲ. ಅಲ್ಲಿ ಒಬ್ಬರ ಮುಖ ಒಬ್ಬರು ನೋಡಿ ಮಾತಾಡುವ ರೂಢಿಯೇ ಇರಲಿಲ್ಲ. ಅತ್ತೆ ಒಲೆಯ ಕಡೆ ತಿರುಗಿ ಮಾತಾಡುವಳು. ಮಾವ ಎದುರಿಗಿದ್ದರೆ ಸೆರಗನ್ನು ಬಾಯಿಗೆ ಹಿಡಿದು ಮಾತಾಡುವಳು. ಒಳಗಿನ ಖೋಲಿಯಿಂದ ಗೊಣಗಿದಂತೆ ಕರೆಯುವಳು. ಇವರೆಲ್ಲ ಬೇಕಂತಲೇ ನನ್ನಿಂದ ಮಾತು ಬಚ್ಚಿಡುತ್ತಾರೆಂದು ನಾನು ತಿಳಿದೆ. 'ನೀರು ತಾ' ಎಂದರೆ 'ಯಾರು?' ಎನ್ನುತ್ತಿದ್ದೆ. ಮೊದಮೊದಲು ಬೈದಳು, ಆಮೇಲೆ ತಲೆಗೆ ಮೊಟಕಿದಳು. ಧಾರವಾಡದವರು ಬೈಯುವುದೂ ನಯವಾಗಿಯೇ. ಅಕ್ಕಪಕ್ಕದವರಿಗೆ ಅದು ಹರಸಿದಂತೆ ಕೇಳಬೇಕು.

ಸಾಲಿಯಲ್ಲಿ ಇನ್ನೂ ಕಷ್ಟ. ನಮ್ಮ ಚಂಪಾಬಾಯಿ ಅಕ್ಕೋರು ತೆಳ್ಳಗೆ, ಬೆಳ್ಳಗೆ, ಹಣೆಯಲ್ಲಿ ಯಾವಾಗಲೂ ಗಂಟು. ಉಕ್ತಲೇಖನ ಹೇಳುವಾಗ ಅವರು ನಮ್ಮ ಬೆನ್ನ ಹಿಂದೆ ಅಡ್ಡಾಡುತ್ತಿದ್ದರು, ಯಾರೂ ಯಾರದನ್ನೂ ನೋಡಿ ಬರೆಯಬಾರದೆಂದು. ದನಿ ಎಲ್ಲಿಂದಲೋ ಬರುತ್ತಿತ್ತು, ಬಾಯಿ ಕಾಣುತ್ತಿರಲಿಲ್ಲ. ನಾನು ಹೊರಳಿ ಅವರ ಮುಖ ಹುಡುಕಿದರೆ ಪಕ್ಕದವಳ ಪಾಟಿ ನೋಡುತ್ತಿದ್ದೇನೆಂದು ರೂಳು ಕಟ್ಟಿಗೆ ಬೆರಳಿನ ಗಿಣ್ಣಿಗೆ ಬೀಳುತ್ತಿತ್ತು. ಹೊರಳದಿದ್ದರೆ ಪಾಟಿ ಖಾಲಿ. ಅದಕ್ಕೂ ರೂಳು ಕಟ್ಟಿಗೆ.

ಆಷಾಢದಲ್ಲಿ ಒಂದು ದಿನ ಜಡಿಮಳೆ. ಹೆಂಚಿನ ಮೇಲೆ ಬೀಳುವ ಸದ್ದಿಗೆ ಹುಡುಗಿಯರಿಗೆ ಏನೂ ಕೇಳುತ್ತಿರಲಿಲ್ಲ. ಅಂದು ಅಕ್ಕೋರು ಕಾಲುನೋವೆಂದು ಕುರ್ಚಿಯಲ್ಲಿ ನಮಗೆ ಎದುರಾಗಿ ಕೂತು ಉಕ್ತಲೇಖನ ಹೇಳಿದರು. ಎಲ್ಲರ ಪಾಟಿಯಲ್ಲೂ ತಪ್ಪು, ನನ್ನದರಲ್ಲಿ ಒಂದೂ ಇಲ್ಲ. ಶಾಬಾಸ್ ಎನ್ನುತ್ತಾರೆಂದು ಪಾಟಿ ಹಿಡಿದು ನಿಂತೆ. ಅವರು ಪಾಟಿಯನ್ನು ನೋಡಿದರು, ನನ್ನನ್ನು ನೋಡಿದರು.

"ಬೇಕಾದಾಗ ಕೇಳಸ್ತದ, ಬ್ಯಾಡಾದಾಗ ಇಲ್ಲ. ಇದು ದಡ್ಡತನ ಅಲ್ಲ, ಸೊಕ್ಕು," ಎಂದು ಬಾಗಿಲ ಹೊರಗೆ ನಿಲ್ಲಿಸಿದರು.

ಬುದ್ಧಿ ಇದ್ದ ಹೆಂಗಸಾದರೆ ಅಂದೇ ತಿಳಿಯಬೇಕಿತ್ತು. ಮಳೆಯಲ್ಲಿ ಕೇಳುವ ಹುಡುಗಿಗೆ ಮೌನದಲ್ಲಿ ಯಾಕೆ ಕೇಳದು ಎಂದು ಒಂದು ಸಲ ಯೋಚಿಸಿದ್ದರೆ ಸಾಕಿತ್ತು. ಮುಂದೆ ನಾನೂ ಅಕ್ಕೋರಾದೆ. ಮಕ್ಕಳಿಗೆ ಬೆನ್ನು ತೋರಿಸಿ ಪಾಠ ಹೇಳುವವರನ್ನು ಕಂಡರೆ ಇಂದಿಗೂ ನನಗೆ ಮೈ ಉರಿಯುತ್ತದೆ. ಚಂಪಾಬಾಯಿ ಅಕ್ಕೋರು ಯೋಚಿಸಲಿಲ್ಲ. ಸೊಕ್ಕು ಮುರಿಯಲಿಲ್ಲವೆಂದಾಗ ಇನ್ನೊಂದು ಹೆಸರಿಟ್ಟರು. ಅತ್ತೆಯನ್ನು ಸಾಲಿಗೆ ಕರೆಸಿ, "ಕೋಣನ ಮುಂದ ಕಿನ್ನರಿ ಬಾರಿಸಿ ನಾನು ಸಾಕಾದೆ. ಈ ಹುಡುಗಿ ಕಿವುಡಿ ಅದಾಳ," ಎಂದರು. ಹುಡುಗಿಯರು ಅದನ್ನು ಹಿಡಿದುಕೊಂಡರು. ಅಂದಿನಿಂದ ಶಾಂತವ್ವ ಹೋಗಿ ಕಿವುಡಿಯೇ ನನ್ನ ಹೆಸರಾಯಿತು.

ಅಂದು ಸಂಜೆಯೇ ಅತ್ತೆ ಎಣ್ಣೆ ಕಾಸಿದಳು. ಬೆಳ್ಳುಳ್ಳಿ ಜಜ್ಜಿ ಹಾಕಿ, ಅದು ಕಪ್ಪಾಗುವವರೆಗೆ ಸೌಟನ್ನು ಕೆಂಡದ ಮೇಲೆ ಹಿಡಿದಳು. ನನ್ನನ್ನು ತೊಡೆಯ ಮೇಲೆ ಬಲಕ್ಕೆ ಹೊರಳಿಸಿ ಮಲಗಿಸಿ ಎಡಗಿವಿಗೆ ಬಿಟ್ಟಳು. ಮೊದಲ ದಿನಗಳಲ್ಲಿ ಅದು ಬೆಚ್ಚಗಷ್ಟೇ ಇರುತ್ತಿತ್ತು.

ನಾಗರ ಪಂಚಮಿಗೆ ಅವ್ವ ನನ್ನನ್ನು ಕರೆಯಲು ಬಂದಳು. ಹಬ್ಬಕ್ಕೆ ಹೆಣ್ಣುಮಕ್ಕಳು ತವರಿಗೆ ಬರಬೇಕು, ಜೋಕಾಲಿ ಜೀಕಬೇಕು. ಕಿವಿಯ ಸುದ್ದಿ ಕೇಳಿ ಅವಳು ದಂಗಾದಳು.

"ನನ್ನ ಮಗಳ ಕಿವಿ ಛಲೋ ಅದಾವ್ರಿ ವೈನಿ."

"ಹಂಗಾದ್ರ ಅಕ್ಕೋರು ಸುಳ್ಳ ಹೇಳ್ತಾರೇನು?"

ಅವ್ವ ನನ್ನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದಳು. ತಾನು ಬಾಗಿಲ ತನಕ ಹಿಂದೆ ಸರಿದು "ಶಾಂತವ್ವಾ" ಎಂದು ಕೂಗಿದಳು. ನಾನು ಥಟ್ಟನೆ ಹೊರಳಿದೆ. "ನೋಡ್ರಿ, ಕೇಳಸ್ತು," ಎಂದಳು.

"ಇಡೀ ಓಣಿಗೆ ಕೇಳಸ್ತು," ಎಂದಳು ಅತ್ತೆ. "ಮೆಲ್ಲಕ ಮಾತಾಡವಾ, ಇದು ಜಿನ್ನಲ್ಲ. ನಿಮ್ಮ ಆ ಗದ್ದಲದಾಗ ಇಟ್ಟ ಕೂಸಿನ ಕಿವಿ ನೀವ ಕೆಡಿಸೀರಿ. ಈಗ ಔಷಧ ನಡದದ, ನಡುವ ಬಿಡಂಗಿಲ್ಲ. ನಪಾಸಾದ್ರ ನಿನ್ನ ಗಂಡಗ ನೀನ ಉತ್ತರಾ ಕೊಡ್ತೀಯೇನು?"

ಅವ್ವ ತಂದಿದ್ದ ಅಳ್ಳಿಟ್ಟಿನ ಉಂಡೆಗಳನ್ನು ಕೊಟ್ಟು ಒಬ್ಬಳೇ ಹೋದಳು. ಅತ್ತೆ ಆ ಉಂಡೆಗಳನ್ನು ಮೂಸಿ ನೋಡಿ ಹತ್ತಿಕಾಳಿನ ವಾಸನೆ ಎಂದು ಕೆಲಸದವಳಿಗೆ ಕೊಟ್ಟಳು. ಇದನ್ನು ನಾನು ಮರೆತಿಲ್ಲ. ಮರೆಯುವ ಇರಾದೆಯೂ ಇಲ್ಲ.

ಗುಣ ಕಾಣಲಿಲ್ಲವೆಂದು ಅತ್ತೆ ಎಣ್ಣೆಯ ಕಾವು ಹೆಚ್ಚಿಸುತ್ತಾ ಹೋದಳು. ಶ್ರಾವಣ ಮುಗಿಯುವ ಹೊತ್ತಿಗೆ ಒಂದು ಸಂಜೆ ಕೆಂಡದಿಂದ ತೆಗೆದ ಸೌಟನ್ನು ಆರಿಸಲೂ ಇಲ್ಲ. ನಾನು ಕಿರುಚಿದೆ. ಅವಳು ಸೆರಗಿನಿಂದ ನನ್ನ ಬಾಯಿ ಮುಚ್ಚಿದಳು, ಮಾವ ಮನೆಯಲ್ಲಿದ್ದರಲ್ಲ. ಕೆಲವು ದಿನಗಳಲ್ಲಿ ಕಿವಿ ಸೋರತೊಡಗಿತು. ದಿಂಬು ಹಳದಿಯಾಯಿತು. "ಹೊಲಸು ಹೊರಗ ಬರಾಕತ್ತದ, ಛಲೋ ಆತು," ಎಂದಳು ಅತ್ತೆ. ಆದರೂ ದೀಪಾವಳಿಗೆ ನನ್ನನ್ನು ಹುಬ್ಬಳ್ಳಿಗೆ ಕಳಿಸಲಿಲ್ಲ. ಸೋರುವ ಕಿವಿ ಅವ್ವನ ಕಣ್ಣಿಗೆ ಬೀಳಬಾರದಿತ್ತು.

ಚಳಿಗಾಲಕ್ಕೆ ನೋವು ಇಳಿಯಿತು. ಎಡಗಿವಿಯಲ್ಲಿ ಹಗಲೂ ರಾತ್ರಿ ಒಂದು ಗುಂಯ್ ಶಬ್ದ ಉಳಿಯಿತು, ದೂರದಲ್ಲಿ ಜಿನ್ನು ತಿರುಗಿದಂತೆ. ನಗಬೇಡಿ, ನನಗೆ ಅದು ಹಿತವಾಗಿತ್ತು. ಆ ಮೂಕ ಮನೆಯಲ್ಲಿ ರಾತ್ರಿ ಕಣ್ಣು ಮುಚ್ಚಿದರೆ ನಮ್ಮ ಸಾಲುಮನೆಯಲ್ಲೇ ಮಲಗಿದಂತಾಗುತ್ತಿತ್ತು.

ಅಷ್ಟರಲ್ಲಿ ಹುಬ್ಬಳ್ಳಿಗೆ ಹತ್ತಿ ಬಂತು, ಅವ್ವನಿಗೆ ಬಿಡುವಿಲ್ಲ. ನಾನು ಓದಿದೆ. ಲೆಕ್ಕ ಬರುತ್ತಿತ್ತು, ಪುಸ್ತಕ ಬಾಯಿಪಾಠವಾಗಿತ್ತು. ಉಕ್ತಲೇಖನ ಮಾತ್ರ ಸೊನ್ನೆ. "ಅದರಾಗ ಸೊನ್ನಿ ಬಿದ್ರ ಉಳದದ್ದಕ್ಕ ಎಷ್ಟ ಬಿದ್ರೂ ನಪಾಸ," ಎಂದು ಅಕ್ಕೋರು ನನ್ನ ಮುಖ ನೋಡಿಯೇ ಹೇಳಿದರು. ಆ ಮಾತು ಮಾತ್ರ ಚೆನ್ನಾಗಿ ಕೇಳಿಸಿತು.

ಚೈತ್ರದ ಬಿಸಿಲಲ್ಲಿ ಪರೀಕ್ಷೆ ಬಂತು. ಸಾಲಿ ತಪಾಸಣೆಯ ಸಾಹೇಬರು ಬರುವವರಿದ್ದರು. ದಿಪೋಟಿ ಎನ್ನುತ್ತಿದ್ದೆವು ನಾವು. ಉಕ್ತಲೇಖನವನ್ನು ಅವರೇ ಹೇಳುತ್ತಾರೆ, ಕುರ್ಚಿಯಲ್ಲಿ ಕೂತು ಹೇಳುತ್ತಾರೆ ಎಂದು ತಿಳಿದಾಗ ನನಗೆ ಜೀವ ಬಂತು. ಅವ್ವ ಒಂದು ದಿನದ ಕೂಲಿ ಬಿಟ್ಟು ಬೆಳಗಿನ ಗಾಡಿಗೆ ಬಂದಳು. ತಲೆಯಲ್ಲಿ ಇನ್ನೂ ಅರಳೆಯ ಎಳೆಗಳಿದ್ದವು. ಅಕ್ಕೋರು ಅವಳನ್ನು ಒಳಗೆ ಬಿಡಲಿಲ್ಲ. "ಅಲ್ಲೇ ಬಾಗಲದಾಗ ನಿಂದರವಾ, ಹತ್ತಿ ಉದುರಸಬ್ಯಾಡ," ಎಂದರು. ಆ ಬಾಗಿಲು ದಿಪೋಟಿಯವರ ಕುರ್ಚಿಯ ಹಿಂದೆಯೇ ಇತ್ತು.

ಸಾಹೇಬರು ಬಂದು ಕೂತರು. ಪುಸ್ತಕ ತೆರೆದು ಮೊದಲ ವಾಕ್ಯ ಹೇಳಿದರು. ನಾನು ಅವರ ಬಾಯಿ ಹುಡುಕಿದೆ. ಮೂಗಿನಿಂದ ಗದ್ದದವರೆಗೆ ಆ ಮನುಷ್ಯನಿಗೆ ಪೊದೆಯಂಥ ಮೀಸೆ. ತುಟಿ ಎನ್ನುವುದು ಇದೆಯೋ ಇಲ್ಲವೋ ತಿಳಿಯದು. ಹಿಂದಿನ ಸಾಲಿನಲ್ಲಿದ್ದ ನನಗೆ ದನಿಯ ಗುನುಗು ಬಂತು, ಮಾತು ಬರಲಿಲ್ಲ. ಪಕ್ಕದ ಹುಡುಗಿಯರ ಬಳಪಗಳು ಕಿರ್ರೆನ್ನುತ್ತಿದ್ದವು. ನನ್ನ ಕಣ್ಣು ಆ ಮೀಸೆಯನ್ನು ಕೆದಕಿ ಕೆದಕಿ ಸೋತು, ದಿಕ್ಕಿಲ್ಲದೆ ಬಾಗಿಲಿಗೆ ಹೋಯಿತು.

ಅವ್ವ ನನ್ನನ್ನೇ ನೋಡುತ್ತಿದ್ದಳು. ನನ್ನ ಕಣ್ಣು ಎಲ್ಲಿ ಹುಡುಕಿತು, ಏನನ್ನು ಹುಡುಕಿತು ಎಂದು ಅವಳಿಗೆ ಆ ಕ್ಷಣಕ್ಕೆ ತಿಳಿಯಿತು. ಬಾಯಿಗೆ ಅರಿವೆ ಕಟ್ಟಿದ ಮುಕಾದಮನನ್ನು ಅವಳು ದಿನಾ ನೋಡಿದವಳಲ್ಲವೇ? ಸಾಹೇಬರ ದನಿಗೆ ಅವಳು ಒಂದು ಗಳಿಗೆ ಕಿವಿಗೊಟ್ಟಳು. ಆಮೇಲೆ ಅವಳ ತುಟಿ ಅಲುಗಿತು.

'ಮಳೆಗಾಗಿ ರೈತನು ಮೋಡದ ದಾರಿಯನ್ನು ನೋಡುತ್ತಾನೆ.'

ಬರೆದೆ. ಸಾಹೇಬರು ಮುಂದಿನ ವಾಕ್ಯ ಹೇಳಿದರು, ಅವ್ವ ಅದನ್ನು ಸಾಗಿಸಿದಳು. ಓಂ ಎಂದು ಒಂದಕ್ಷರ ಬರೆಯಲು ಬಾರದ ಹೆಂಗಸು, ತನಗೆ ಅರ್ಥವಾಗದ ಪುಸ್ತಕದ ಶಬ್ದಗಳನ್ನು ಹತ್ತಿಯ ಮುಷ್ಟಿಗಳನ್ನು ಉಣಿಸಿದಂತೆ ಒಂದೊಂದಾಗಿ ನನ್ನ ಕಣ್ಣಿಗೆ ಕೊಟ್ಟಳು. ಕಠಿಣ ಶಬ್ದ ಬಂದರೆ ಎರಡೆರಡು ಸಲ ಹೇಳಿದಳು. ಬಲಗಿವಿಗೆ ಬಂದಷ್ಟು ಗುನುಗು, ಕಣ್ಣಿಗೆ ಬಂದಷ್ಟು ತುಟಿ, ಎರಡನ್ನೂ ಕೂಡಿಸಿ ಬರೆಯುತ್ತಾ ಹೋದೆ.

ನಡುವೆ ಚಂಪಾಬಾಯಿ ಅಕ್ಕೋರ ಕಣ್ಣಿಗೆ ಅದು ಬಿತ್ತು. "ಏನ ಗೊಣಗಾಕತ್ತೀಯವಾ ಅಲ್ಲಿ?" ಎಂದರು. ಸಾಹೇಬರು ಕುರ್ಚಿಯಲ್ಲೇ ಹೊರಳಿದರು. ಅಷ್ಟರಲ್ಲಿ ಅವ್ವ ಕೊರಳಲ್ಲಿದ್ದ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಅರೆ ಮುಚ್ಚಿದ್ದಳು. ತುಟಿ ಮಾತ್ರ ನಿಂತಿರಲಿಲ್ಲ.

"ಬಿಡ್ರಿ ಅಕ್ಕೋರ," ಎಂದರು ಸಾಹೇಬರು. "ತಾಯಿ ಕರಳ ಅದು. ಮಗಳ ಸಲುವಾಗಿ ಜಪಾ ಮಾಡಾಕತ್ತಾಳ. ಸಪ್ಪಳಿಲ್ಲ, ಏನಿಲ್ಲ, ಮಾಡ್ಲಿ ಬಿಡ್ರಿ." ಶಿವಶರಣೆಯನ್ನು ಕಂಡವರಂತೆ ತಲೆ ತುಸು ಬಾಗಿಸಿ ಮತ್ತೆ ಪುಸ್ತಕ ಹಿಡಿದರು. ಅವ್ವನ ಜಪ ಕೊನೆಯ ವಾಕ್ಯದವರೆಗೆ ನಡೆಯಿತು. ಮುಗಿದ ಮೇಲೆ ಅವಳು ಗೋಡೆಯ ಕಡೆ ತಿರುಗಿ ಎರಡೂ ಗಲ್ಲಕ್ಕೆ ಬಡಿದುಕೊಂಡು ಶಿವನಿಗೆ ತಪ್ಪಾಯಿತು ಎಂದಳು.

ನಾನು ಪಾಸಾದೆ. ನನ್ನ ಪಾಟಿಯನ್ನು ಅಕ್ಕೋರು ಎರಡು ಸಲ ತಿರುವಿ ನೋಡಿದರು, ಹಿಂದೆ ಏನಾದರೂ ಅಂಟಿಸಿದ್ದೇನೆಯೋ ಎಂಬಂತೆ. ಏನೂ ಸಿಗಲಿಲ್ಲ. ಸಾಹೇಬರ ಮುಂದೆ ಪಾಸೆಂದು ಬರೆದುಕೊಂಡರು.

ನಾವು ಮನೆಗೆ ಬರುವಷ್ಟರಲ್ಲಿ ಸುದ್ದಿ ಅತ್ತೆಗೆ ಮುಟ್ಟಿತ್ತು. ಅವಳು ಕಟ್ಟೆಯ ಮೇಲೆ ನಿಂತು ನೆರೆಮನೆಯವರಿಗೆ ಸಕ್ಕರೆ ಹಂಚುತ್ತಿದ್ದಳು.

"ನಾ ಎಣ್ಣಿ ಹಾಕದಿದ್ರ ಈ ಕಿವುಡಿ ಪಾಸಾಗ್ತಿದ್ದಳೇನ್ರಿ? ಒಂದ ಕಿವಿಗೆ ಇಷ್ಟ ಗುಣಾ ಬಂತು. ಬರೂ ವರ್ಷ ಬಲಗಿವಿಗೂ ಹಾಕಿ ಪೂರಾ ನೆಟ್ಟಗ ಮಾಡ್ತೇನಿ."

ಅವ್ವ ಅತ್ತೆಯ ಹಿಂದೆ, ಬಾಗಿಲಿಗೆ ಒರಗಿ ನಿಂತಿದ್ದಳು. ನನ್ನ ಕಡೆ ನೋಡಿ ತುಟಿ ಅಲುಗಿಸಿದಳು: 'ಅರಿವಿ ಗಂಟ ಕಟ್ಟು.' ನಾನು ಒಳಗೆ ಹೋಗಿ ಕಟ್ಟಿಕೊಂಡು ಬಂದೆ.

"ಎಲ್ಲಿಗಿ?" ಎಂದಳು ಅತ್ತೆ, ಸಕ್ಕರೆಯ ತಾಟು ಹಿಡಿದುಕೊಂಡೇ.

"ಮನಿಗಿ," ಎಂದಳು ಅವ್ವ. ಅವಳು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಅಂದೇ ಕಂಡದ್ದು. "ಪಾಸಾದ್ರ ಓದಸ್ತೇನಂತ ಆಕಿ ಅಪ್ಪ ಮಾತ ಕೊಟ್ಟಾನ್ರಿ ವೈನಿ. ಎಲ್ಲಿ ಅಂತ ಹೇಳಿಲ್ಲ. ಹುಬ್ಬಳ್ಳ್ಯಾಗೂ ಸಾಲಿ ಅದಾವ."

"ಉಂಡ ಮನಿಗೆ ಎರಡ ಬಗಿತೀಯಾ? ಮತ್ತ ಈ ಹೊಸ್ತಿಲಾ ತುಳೀಬ್ಯಾಡ."

"ತುಳಿಯೂದಿಲ್ರಿ," ಎಂದಳು ಅವ್ವ. ಆ ಮಾತನ್ನು ಇಬ್ಬರೂ ನಡೆಸಿದೆವು. ಅತ್ತೆ ಸತ್ತಾಗ ಮಣ್ಣಿಗೂ ನಾನು ಹೋಗಲಿಲ್ಲ.

ಸ್ಟೇಷನ್ನಿಗೆ ನಡೆದೇ ಹೊರಟೆವು. ಹೊತ್ತು ಇಳಿದಿತ್ತು. ಹಾದಿಯಲ್ಲಿ ಜನರಿರಲಿಲ್ಲ, ಗಾಳಿಯೂ ಇರಲಿಲ್ಲ. ಅವ್ವ ಗಂಟನ್ನು ತಲೆಯ ಮೇಲಿಟ್ಟುಕೊಂಡು ನನ್ನ ಎಡಕ್ಕೆ ನಡೆಯುತ್ತಿದ್ದಳು. ನನ್ನ ಕಿವಿಯೊಳಗೆ ಜಿನ್ನು ತಿರುಗುತ್ತಿತ್ತು. ನಾನು ಎದುರು ನೋಡುತ್ತಾ, ಪಾಸಾದೆನೆಂಬ ಗುಂಗಿನಲ್ಲಿ ಹೆಜ್ಜೆ ಹಾಕುತ್ತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಪಕ್ಕದಲ್ಲಿ ಅವ್ವ ಇಲ್ಲ. ಹೊರಳಿ ನೋಡಿದೆ. ಅವಳು ಹಿಂದೆ ನಿಂತುಬಿಟ್ಟಿದ್ದಳು.

ಆಮೇಲೆ ತಿಳಿಯಿತು. ಅವಳು ಅಷ್ಟು ದೂರವೂ ನನ್ನ ಜೊತೆ ಮಾತಾಡುತ್ತಲೇ ಬಂದಿದ್ದಳು. ಹಸಿವಾಯಿತೇ ಎಂದು ಕೇಳಿದ್ದಳಂತೆ, ಮತ್ತೂ ಏನೇನೋ ಕೇಳಿದ್ದಳಂತೆ.

ಅವಳು ಹತ್ತಿರ ಬಂದು ನನ್ನ ಮುಖವನ್ನು ಎದುರಿಗೆ ತಿರುಗಿಸಿ, "ಕಣ್ಣ ಮುಚ್ಚು," ಎಂದಳು. ಮುಚ್ಚಿದೆ. ಬಲಗಿವಿಯ ಬಳಿ ಚಿಟಿಕೆಯ ಸದ್ದು ಬಂತು. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಕಣ್ಣು ತೆರೆದಾಗ ಅವಳ ಚಪ್ಪಟೆ ಬೆರಳುಗಳು ನನ್ನ ಎಡಗಿವಿಯ ಹತ್ತಿರ ಇನ್ನೂ ಚಿಟಿಕೆ ಹೊಡೆಯುತ್ತಲೇ ಇದ್ದವು.

ಅವ್ವ ಹಾದಿಯ ಧೂಳಿನಲ್ಲೇ ಕುಸಿದು ಕೂತಳು. ಅಳುವಾಗಲೂ ಅವಳು ದನಿ ತೆಗೆಯಲಿಲ್ಲ, ಜಿನ್ನಿನಲ್ಲಿ ನಿಂತಂತೆ 'ಆಕಿ ಕೈಗೆ ಹುಳಾ ಬೀಳ್ಲಿ' ಎಂದು ತುಟಿಯಲ್ಲೇ ಹೇಳಿದಳು. ಗಾಡಿಯ ಹೊತ್ತಾಗಿತ್ತು. ಎದ್ದು ಸೀರೆ ಕೊಡವಿದಳು, ಗಂಟನ್ನು ತಲೆಗೇರಿಸಿದಳು, ಸುತ್ತಿ ಬಂದು ನನ್ನ ಬಲಗೈ ಹಿಡಿದಳು. ಅಂದಿನಿಂದ ಸಾಯುವ ತನಕ ಅವ್ವ ನನ್ನ ಎಡಕ್ಕೆ ನಡೆಯಲಿಲ್ಲ.